ಪ್ರಶ್ನೋತ್ತರ: ಏರಿಳಿಯುವ ಜನರೇಟರ್, ಆಫ್ ಆಗದ ಇಂಜಿನ್

ಪ್ರಶ್ನೆ: ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್‌ಗೆಂದು 15 ಕೆವಿಎ ಜನರೇಟರ್ ಇಟ್ಟಿದ್ದೇವೆ. ಈ ಸಲ ಖಾಲಿ ಓಡುವಾಗಲೂ ಇಂಜಿನ್ ಶಬ್ದ ಏರಿಳಿಯುತ್ತದೆ, ಬಲ್ಬ್ ಮಿಣುಕುತ್ತದೆ. ಇಂಜಿನ್ ವೇಗ ಹಿಡಿದಿಡುವ ಗವರ್ನರಿನ ಸ್ಪ್ರಿಂಗ್ ಬದಲಿಸಬೇಕು ಎನ್ನುತ್ತಾರೆ ಮೆಕ್ಯಾನಿಕ್. ಬದಲಿಸೋಣವೇ?
– ಕಾಫಿ ಬೆಳೆಗಾರರು, ಮೂಡಿಗೆರೆ

ಉತ್ತರ: ಈಗಲೇ ಬೇಡ. ಮೊದಲು ಡೀಸೆಲ್ ಬರುವ ದಾರಿ ನೋಡಿ. ಮಳೆಗಾಲವಿಡೀ ನಿಂತ ಯಂತ್ರದಲ್ಲಿ ಟ್ಯಾಂಕಿನ ತಳಕ್ಕೆ ನೀರು ಇಳಿದಿರುತ್ತದೆ, ಫಿಲ್ಟರ್ ಲೋಳೆ ಕಟ್ಟಿರುತ್ತದೆ. ತಳದ ಡ್ರೈನ್ ಬಿಚ್ಚಿ ನೀರು ಇಳಿಸಿ, ಫಿಲ್ಟರ್ ಹೊಸದು ಹಾಕಿ. ಆಮೇಲೆ ಲೈನಿನಲ್ಲಿ ಸೇರಿದ ಗಾಳಿ ಹೊರಹಾಕಲು ಫಿಲ್ಟರ್ ಮೇಲಿನ ಏರ್ ಸ್ಕ್ರೂ ಸಡಿಲಿಸಿ ಕೈಪಂಪ್ ಒತ್ತುತ್ತಾ ಹೋಗಿ. ನೊರೆ ನಿಂತು ಬರೀ ಡೀಸೆಲ್ ಬರತೊಡಗಿದಾಗ ಬಿಗಿ ಮಾಡಿ. ಮರುದಿನ ಮತ್ತೆ ಏರ್ ಹಿಡಿದರೆ ಎಲ್ಲೋ ಗಾಳಿ ಎಳೆಯುತ್ತಿದೆ ಎಂದೇ ಅರ್ಥ. ಟ್ಯಾಂಕಿನಿಂದ ಪಂಪಿಗೆ ಬರುವ ಲೈನಿನಲ್ಲಿ ಗೇಣುದ್ದದ ಪಾರದರ್ಶಕ ಡೀಸೆಲ್ ಪೈಪನ್ನು ತಾತ್ಕಾಲಿಕವಾಗಿ ಸೇರಿಸಿ ಓಡಿಸಿದರೆ ಗುಳ್ಳೆಗಳ ಸಾಲು ಕಣ್ಣಿಗೇ ಕಾಣುತ್ತದೆ. ಬಿಚ್ಚಿದಾಗ ಹಳೆಯ ತಾಮ್ರದ ವಾಷರನ್ನೇ ಮತ್ತೆ ಹಾಕಿದ ಜಾಯಿಂಟುಗಳನ್ನು ಮೊದಲು ಅನುಮಾನಿಸಿ. ಅಲ್ಲಿ ಪಂಪ್ ಡೀಸೆಲನ್ನು ಎಳೆಯುತ್ತದೆಯೇ ಹೊರತು ತಳ್ಳುವುದಿಲ್ಲ. ಹಾಗಾಗಿ ಹೊರಗೆ ತೊಟ್ಟಿಕ್ಕದೆಯೂ ಒಳಗೆ ಗಾಳಿ ಹೋಗುತ್ತಿರುತ್ತದೆ.

ಇಷ್ಟಾದರೂ ಸರಿಹೋಗದಿದ್ದರೆ ಇಂಜಿನ್ ನಿಲ್ಲಿಸಿ, ಗವರ್ನರಿನಿಂದ ಪಂಪಿನ ಡೀಸೆಲ್ ಪ್ರಮಾಣ ಹೆಚ್ಚುಕಡಿಮೆ ಮಾಡುವ ದಂಡವಾದ ರ್‍ಯಾಕಿಗೆ ಹೋಗುವ ಲಿವರನ್ನು ಕೈಯಲ್ಲಿ ಆಡಿಸಿ. ತಡೆದು ತಡೆದು ಸರಿದರೂ, ಕೀಲು ಸವೆದು ಅಲುಗಾಡಿದರೂ ಗವರ್ನರಿನ ಆಜ್ಞೆ ರ್‍ಯಾಕಿಗೆ ತಡವಾಗಿ ಮುಟ್ಟುತ್ತದೆ. ಅಷ್ಟರಲ್ಲಿ ವೇಗ ಮೀರಿರುತ್ತದೆ. ಡೀಸೆಲ್ ತಗ್ಗಿಸುವಷ್ಟರಲ್ಲಿ ಮತ್ತೆ ಬಿದ್ದಿರುತ್ತದೆ. ಸ್ಪ್ರಿಂಗ್ ಪ್ರಶ್ನೆ ಬರುವುದು ಇದೆಲ್ಲ ಆದ ಮೇಲೆ.

ನಾಲ್ಕು ಪೋಲಿನ (ಕಾಂತಧ್ರುವದ) ಆಲ್ಟರ್ನೇಟರ್, ಅಂದರೆ ಕರೆಂಟ್ ಹುಟ್ಟಿಸುವ ಭಾಗ, 1500 ಆರ್‌ಪಿಎಂಗೆ 50 ಹರ್ಟ್ಸ್ ಕೊಡುತ್ತದೆ. ಮೆಕ್ಯಾನಿಕಲ್ ಗವರ್ನರ್ ಇದ್ದರೆ ಖಾಲಿ ಓಡುವಾಗ 52 ಹರ್ಟ್ಸ್, ಅಂದರೆ 1560 ಆರ್‌ಪಿಎಂ ಇದ್ದು, ಪೂರ್ತಿ ಲೋಡಿಗೆ 50ಕ್ಕೆ ಇಳಿಯುವುದು ದೋಷವಲ್ಲ. ವೋಲ್ಟೇಜ್ ಕಡಿಮೆ ಬಂತೆಂದು ಸ್ಪೀಡ್ ಸ್ಕ್ರೂ ತಿರುಗಿಸುವ ಚಾಳಿ ಮಾತ್ರ ಬಿಡಬೇಕು. ವೋಲ್ಟೇಜ್ ನೋಡಿಕೊಳ್ಳಲು ಎವಿಆರ್ (ಸ್ವಯಂಚಾಲಿತ ವೋಲ್ಟೇಜ್ ನಿಯಂತ್ರಕ) ಇದೆ.

ಪ್ರಶ್ನೆ: ನೀರಿನ ಹೋಸ್ ಒಡೆದು ಇಂಜಿನ್ ಸೀಜ್ ಆಯಿತು (ಒಳಗೆ ಕಚ್ಚಿಕೊಂಡು ನಿಂತಿತು). ಬಿಸಿ ಮೀರಿದರೆ ಇಂಜಿನ್ ನಿಲ್ಲಿಸುವ ಟೆಂಪರೇಚರ್ ಟ್ರಿಪ್ ಇದ್ದೂ ಏಕೆ ಆಫ್ ಆಗಲಿಲ್ಲ?
– ಓದುಗರು, ಸಕಲೇಶಪುರ

ಉತ್ತರ: ಆ ಟ್ರಿಪ್ಪಿನ ಸೆನ್ಸರ್ ಅಳೆಯುವುದು ನೀರಿನ ಬಿಸಿಯನ್ನು. ನೀರೆಲ್ಲ ಸೋರಿಹೋದ ಮೇಲೆ ಅದರ ತುದಿ ಗಾಳಿಯಲ್ಲಿರುತ್ತದೆ. ಹೆಡ್ ಕೆಂಡವಾದರೂ ಮುಳ್ಳು ಏರದೆ ಇರಬಹುದು. ರೇಡಿಯೇಟರಿನ ಮೇಲಿನ ಟ್ಯಾಂಕಿಗೆ ನೀರಿನ ಮಟ್ಟ ಇಳಿದರೆ ಇಂಜಿನ್ ನಿಲ್ಲಿಸುವ ಕೂಲಂಟ್ ಲೆವೆಲ್ ಸ್ವಿಚ್ ಹಾಕಿಸಿ, ಅದೇ ಇದಕ್ಕೆ ಮದ್ದು.

ಪ್ರಶ್ನೆ: ಕೀ ಆಫ್ ಮಾಡಿದರೂ ಇಂಜಿನ್ ನಿಲ್ಲುವುದಿಲ್ಲ, ಲಿವರ್ ಎಳೆದು ನಿಲ್ಲಿಸುತ್ತೇವೆ. ಹೀಗೇ ನಡೆಸಬಹುದೇ?
– ಅಕ್ಕಿ ಗಿರಣಿಯವರು, ಹಾಸನ

ಉತ್ತರ: ಖಂಡಿತ ಬೇಡ. ಆಯಿಲ್ ಪ್ರೆಷರ್ ಬಿದ್ದಾಗ, ನೀರು ಕಾದಾಗ, ವೇಗ 110–115 ಶೇಕಡಾ (1650–1725 ಆರ್‌ಪಿಎಂ) ದಾಟಿದಾಗ ಕಂಟ್ರೋಲರ್ ಇಂಜಿನ್ ನಿಲ್ಲಿಸುವುದೂ ಸಾಮಾನ್ಯವಾಗಿ, ಕೀ ಆಫ್ ಮಾಡಿದಾಗ ಡೀಸೆಲ್ ಕಡಿಯುವ ಅದೇ ಸ್ಟಾಪ್ ಸೊಲೆನಾಯ್ಡ್ (ಕರೆಂಟಿನಿಂದ ಸರಿಯುವ ಕೊಂಡಿ) ಮೂಲಕ. ಅದು ಸತ್ತರೆ ಪ್ಯಾನೆಲಿನಲ್ಲಿ ದೀಪ ಉರಿಯುತ್ತದೆ ಅಷ್ಟೆ, ಇಂಜಿನ್ ಓಡುತ್ತಲೇ ಇರುತ್ತದೆ. ಕರೆಂಟ್ ಕೊಟ್ಟರೆ ನಿಲ್ಲುವ ಬಗೆಯದಾದರೆ ವೈರ್ ತುಂಡಾಗಿದೆಯೇ, ಟರ್ಮಿನಲ್ ತುಕ್ಕು ಹಿಡಿದಿದೆಯೇ, ಕೀ ಆಫ್ ಮಾಡಿದಾಗ 12 ವೋಲ್ಟ್ ಬರುತ್ತದೆಯೇ ನೋಡಿ. ಬದಲಿಸುವುದಿದ್ದರೆ ಇಂಜಿನ್ ಮಾದರಿಗೆ ಒಪ್ಪುವಂತೆ, ಕರೆಂಟ್ ಇದ್ದಾಗ ಮಾತ್ರ ಡೀಸೆಲ್ ಬಿಡುವ ಬಗೆಯದನ್ನು ಕೇಳಿ. ವೈರ್ ಕಳಚಿದರೆ ಇಂಜಿನ್ ತಾನೇ ನಿಲ್ಲುತ್ತದೆ.

ಲಿವರ್ ಎಳೆದರೂ ವೇಗ ಏರುತ್ತಲೇ ಹೋದರೆ ಇಂಜಿನ್ ತನ್ನ ಆಯಿಲನ್ನೇ ಸೇದಿ ಉರಿಸುತ್ತಿದೆ ಎಂದು ತಿಳಿಯಿರಿ. ಇಂಜಿನ್ನಿಗೆ ಗಾಳಿ ತಳ್ಳುವ ಟರ್ಬೋದ ಸೀಲ್ ಹೋದಾಗ, ಆಯಿಲಿನಲ್ಲಿ ಗಾಳಿಯ ಧೂಳು ಹಿಡಿಯುವ ಆಯಿಲ್ ಬಾತ್ ಏರ್ ಕ್ಲೀನರಿಗೆ ಗುರುತು ಮೀರಿ ಆಯಿಲ್ ಸುರಿದಾಗ ಹೀಗಾಗುತ್ತದೆ. ಆಗ ಡೀಸೆಲ್ ನಿಲ್ಲಿಸಿ ಪ್ರಯೋಜನವಿಲ್ಲ, ಗಾಳಿ ನಿಲ್ಲಿಸಬೇಕು. ಗಾಳಿ ಸೇದುವ ಬಾಯಿಗಿಂತ ದೊಡ್ಡದಾದ ದಪ್ಪ ಪ್ಲೈವುಡ್ ತುಂಡೊಂದನ್ನು ಶೆಡ್ಡಿನಲ್ಲೇ ನೇತುಹಾಕಿರಿ. ಬಟ್ಟೆ, ಅಂಗೈ ಒಡ್ಡಬೇಡಿ. ಫ್ಲೈವೀಲಿನ ನೇರಕ್ಕೆ ನಿಲ್ಲಬೇಡಿ.