ಮಳೆಗೆ ವಾರ ಗೊತ್ತಿದೆಯೇ?

(ಮೂಡಿಗೆರೆ ಸಮೀಪದ ಕಾಫಿ ಬೆಳೆಗಾರರೊಬ್ಬರ ಪತ್ರದ ಸಾರ: ಬೇಸಿಗೆಯಲ್ಲಿ ಅಟ್ಲಾಂಟಾದ ಮಗಳ ಮನೆಗೆ ಹೋಗಿದ್ದೆವು. ಅಲ್ಲಿ ವಾರದ ನಡುವೆ ಮಳೆ ಹೆಚ್ಚು, ರಜೆಯ ದಿನ ಕಡಿಮೆ, ಅದಕ್ಕೆ ವಾಹನಗಳ ಹೊಗೆ ಕಾರಣ ಎಂದು ಅಳಿಯ ಹೇಳಿದರು. ಇದು ನಿಜವೇ? ನಮ್ಮ ತೋಟದಲ್ಲಿ ತಂದೆಯ ಕಾಲದಿಂದ ಬರೆದಿಟ್ಟ ಮಳೆ ಲೆಕ್ಕವಿದೆ. ಅದರಲ್ಲಿ ಇಂಥದ್ದನ್ನು ಹುಡುಕಬಹುದೇ?)

ಮಾನ್ಯರೇ,

ನಿಮ್ಮ ಅಳಿಯ ಹೇಳಿದ್ದು ಗಾಳಿಮಾತಲ್ಲ. ನಾಸಾದ ಥಾಮಸ್ ಬೆಲ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ ಅದನ್ನೇ ಹೇಳುತ್ತದೆ. 1998ರಿಂದ 2005ರವರೆಗಿನ ಉಪಗ್ರಹ ಮಾಹಿತಿಯಲ್ಲಿ, ಅಟ್ಲಾಂಟಾ ಇರುವ ಅಮೆರಿಕದ ಆಗ್ನೇಯ ಭಾಗದ ಬೇಸಿಗೆಯ ಮಧ್ಯಾಹ್ನದ ಮಳೆ ಮಂಗಳವಾರದಿಂದ ಗುರುವಾರದವರೆಗೆ ಹೆಚ್ಚಾಗಿ, ವಾರಾಂತ್ಯಕ್ಕೆ ಇಳಿದಿತ್ತು. ಅವರು ಕೊಟ್ಟ ವಿವರಣೆಯೂ ತೂಕದ್ದೇ. ಮೋಡದ ಹನಿ ಧೂಳಿನ, ಹೊಗೆಯ ಕಣದ ಮೇಲೆ ಕಟ್ಟುತ್ತದೆ. ಕಣಗಳು ಹೆಚ್ಚಾದರೆ ಅದೇ ನೀರು ಹೆಚ್ಚು ಹನಿಗಳಿಗೆ ಹಂಚಿಹೋಗಿ, ಒಂದೊಂದು ಹನಿಯೂ ಸಣ್ಣದಾಗುತ್ತದೆ. ಸಣ್ಣ ಹನಿ ಬೇಗ ಉದುರದು. ಮೋಡ ಕುಳ್ಳಾಗಿದ್ದರೆ ಮಳೆಯೇ ತಪ್ಪಬಹುದು. ಅಟ್ಲಾಂಟಾದ ಬೇಸಿಗೆಯಂಥ ಬಿಸಿ, ತೇವದ ಗಾಳಿಯಲ್ಲಾದರೆ ಆ ಹನಿಗಳು ಮೇಲಕ್ಕೇರಿ ಹೆಪ್ಪುಗಟ್ಟುತ್ತವೆ. ಆಗ ಬಿಡುಗಡೆಯಾಗುವ ಶಾಖ ಮೋಡವನ್ನು ಇನ್ನಷ್ಟು ಎತ್ತರಕ್ಕೆ ತಳ್ಳಿ, ಗುಡುಗು ಮಳೆಯನ್ನು ಜೋರಾಗಿಸುತ್ತದೆ.

ಈ ಹುಡುಕಾಟ ನನಗೆ ಬಹಳ ಪ್ರಿಯವಾಗಲು ಕಾರಣವಿದೆ. ಹಗಲು ರಾತ್ರಿಯನ್ನು ಸೂರ್ಯ ತರುತ್ತಾನೆ, ಋತುವನ್ನೂ ಅವನೇ ತರುತ್ತಾನೆ. ಏಳು ದಿನದ ವಾರವನ್ನು ಮಾತ್ರ ತಂದವರು ನಾವು. ಮಳೆಯಲ್ಲಿ ವಾರದ ಗುರುತು ನಿಜವಾಗಿ ಸಿಕ್ಕರೆ ಅದು ಮನುಷ್ಯನ ಕೈವಾಡವೆಂದು ಹೇಳಬಹುದು. ಇಂಗ್ಲೆಂಡಿನ ರೋಚ್‌ಡೇಲ್‌ನಲ್ಲಿ ಆಶ್‌ವರ್ತ್ ಎಂಬುವವರು ಕಾರ್ಖಾನೆ ಚಿಮಣಿಗಳಿಗೆ ರಜೆಯಿರುವ ಭಾನುವಾರ ಮಳೆ ಕಡಿಮೆಯೆಂದು 1929ರಷ್ಟು ಹಿಂದೆಯೇ ಬರೆದಿದ್ದರು.

ಆದರೂ ಇದು ಸಾಬೀತಾಗಿದೆ ಎಂದು ನಾನು ಒಪ್ಪುವುದಿಲ್ಲ. 1998ರಲ್ಲಿ ಸರ್ವೆನಿ ಮತ್ತು ಬಾಲಿಂಗ್ ಎಂಬ ಸಂಶೋಧಕರು ಅಮೆರಿಕದ ಅಟ್ಲಾಂಟಿಕ್ ಕರಾವಳಿಯ ಬಳಿ ಶನಿವಾರವೇ ಹೆಚ್ಚು ಮಳೆ, ಸೋಮವಾರ ಕಡಿಮೆ ಎಂದಿದ್ದರು. 2007ರಲ್ಲಿ ಡೇವಿಡ್ ಶುಲ್ಟ್ಜ್ ಮತ್ತಿತರರು ಅಮೆರಿಕದ 219 ಮಳೆಮಾಪನ ಕೇಂದ್ರಗಳ 42 ವರ್ಷದ ದಾಖಲೆ ತೆಗೆದು ನೋಡಿದಾಗ ವಾರದ ಏರಿಳಿತವೇ ಕಾಣಲಿಲ್ಲ. ಬೆಲ್ ನೋಡಿದ್ದು ಒಂದು ಪ್ರದೇಶ, ಒಂದು ಋತು, ಒಂದು ಹೊತ್ತು ಎಂಬುದು ನಿಜ. ಹಾಗೆ ಆರಿಸುವುದಕ್ಕೆ ಭೌತಿಕ ಕಾರಣವೂ ಇದೆ. ಆದರೆ ಆಯ್ಕೆ ಕಿರಿದಾದಷ್ಟೂ ಆಕಸ್ಮಿಕವೇ ನಿಯಮದ ವೇಷ ಹಾಕಿ ಬರುವ ಅಪಾಯ ಹೆಚ್ಚು. ಏಳು ದಿನಗಳಲ್ಲಿ ಯಾವುದೋ ಒಂದು ದಿನ ಮಳೆಯಲ್ಲಿ ಮೊದಲ ಸ್ಥಾನಕ್ಕೆ ಬಂದೇ ಬರುತ್ತದೆ.

ಹೊಗೆಯ ವಾರದ ಬಗ್ಗೆ ಮಾತ್ರ ಅನುಮಾನವಿಲ್ಲ. 2003ರಲ್ಲಿ ಪ್ರಕಟವಾದ ಉಪಗ್ರಹ ಅಧ್ಯಯನವೊಂದರಲ್ಲಿ ಅಮೆರಿಕ, ಯುರೋಪ್, ಜಪಾನ್‌ಗಳ ಮೇಲೆ, ವಾಹನ ಮತ್ತು ಕಾರ್ಖಾನೆಗಳ ಹೊಗೆಯಲ್ಲಿರುವ ನೈಟ್ರೋಜನ್ ಡೈಆಕ್ಸೈಡ್ ಅನಿಲ ಭಾನುವಾರ ಶೇ 25ರಿಂದ 50ರಷ್ಟು ಇಳಿದಿತ್ತು. ಜೆರುಸಲೇಮ್, ಮೆಕ್ಕಾಗಳಲ್ಲಿ ಇಳಿಕೆ ಅವರವರ ವಿಶ್ರಾಂತಿಯ ದಿನಕ್ಕೆ ತಕ್ಕಂತೆ ಇತ್ತು.

ಇನ್ನು ನಿಮ್ಮ ತೋಟದ ಲೆಕ್ಕ. ದಯವಿಟ್ಟು ಆ ಪುಸ್ತಕಗಳನ್ನು ಗೆದ್ದಲಿಗೆ ಬಿಡದೆ ಮೊದಲು ಕಂಪ್ಯೂಟರ್‌ಗೆ ಏರಿಸಿ. ವಾರದ ಪ್ರಶ್ನೆ ಇರಲಿ ಬಿಡಲಿ, ಅವು ಅಮೂಲ್ಯ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮುಂಗಾರನ್ನು ಬದಿಗಿಡಿ. ಅರಬ್ಬಿ ಸಮುದ್ರದಿಂದ ಬಂದು ದಿನಗಟ್ಟಲೆ ಹಿಡಿದು ಸುರಿಯುವ ಆ ಮಳೆಯಲ್ಲಿ ಇಷ್ಟು ಸಣ್ಣ ಗುರುತು ಮುಳುಗಿಹೋಗುತ್ತದೆ. ಕಾಫಿ ಗಿಡ ಹೂಬಿಡಲು ನೆರವಾಗುವ ಹೂಮಳೆಯ ಕಾಲದಿಂದ ಮೇ ಕೊನೆಯವರೆಗಿನ ಗುಡುಗು ಮಳೆಯನ್ನು ಮಾತ್ರ ತೆಗೆದುಕೊಳ್ಳಿ, ಅದನ್ನೂ ಅಂಕಿಗಳನ್ನು ನೋಡುವ ಮೊದಲೇ ನಿರ್ಧರಿಸಿ. ಬೆಳಿಗ್ಗೆ ಅಳೆದು ಬರೆದ ಮಳೆ ಬಹುಪಾಲು ಹಿಂದಿನ ದಿನದ್ದು. ಸೋಮವಾರದ ಸಾಲಿನಲ್ಲಿರುವುದನ್ನು ಭಾನುವಾರಕ್ಕೆ ಸೇರಿಸಿ. ಕೊನೆಗೆ, ಅದೇ ಅಂಕಿಗಳನ್ನು ಆರು ದಿನದ ವಾರ, ಎಂಟು ದಿನದ ವಾರ ಎಂದು ಕಲ್ಪಿಸಿಕೊಂಡೂ ವಿಂಗಡಿಸಿ ನೋಡಿ. ಆ ಸುಳ್ಳು ವಾರಗಳಲ್ಲಿಯೂ ಅಷ್ಟೇ ವ್ಯತ್ಯಾಸ ಬಂದರೆ, ಏಳು ದಿನದ ವಾರದಲ್ಲಿ ಕಂಡದ್ದು ಆಕಸ್ಮಿಕ. ಬರದಿದ್ದರೆ ತಪ್ಪದೆ ನಮಗೆ ಮತ್ತೆ ಬರೆಯಿರಿ.

— ಸಂಪಾದಕ