ಹೆರಿಗೆ ಆದ ಮೇಲೆ ಉಳಿದ ಹೊಟ್ಟೆಗೆ ಲೈಪೊಸಕ್ಷನ್ ಮಾಡಿಸಬೇಕು, ಬೆಂಗಳೂರಿನಲ್ಲಿ ಒಳ್ಳೆ ಕ್ಲಿನಿಕ್ ಯಾವುದು?

ಎರಡನೇ ಹೆರಿಗೆ ಆಗಿ ಹತ್ತು ತಿಂಗಳು, ಮೈದುನನ ಮದುವೆಗೆ ಇನ್ನು ಮೂರು ತಿಂಗಳು, ಅಷ್ಟರಲ್ಲಿ 12 ಕೆಜಿ ಇಳಿಯಬೇಕು ಅಂತ ಬರೆದಿದ್ದೀರಿ. ನನ್ನದೂ ಇದೇ ಕಥೆ. ನಮ್ಮನೆಯಲ್ಲಿ ಆಗ ನಾದಿನಿ ಮದುವೆ ಇತ್ತು. ಲೈಪೊಸಕ್ಷನ್‌ಗೆ, ಅಂದರೆ ಕೊಬ್ಬು ಎಳೆದು ತೆಗೆಯುವ ಆಪರೇಷನ್‌ಗೆ, ಕ್ಲಿನಿಕ್ ಹೆಸರು ಕೇಳಿದ್ದೀರಿ, ನಾನು ಯಾವ ಹೆಸರನ್ನೂ ಹೇಳುವುದಿಲ್ಲ. ಡಾಕ್ಟರ್ ಯಾರು ಅಂತ ನೋಡದೆ, ಬರೀ ಕ್ಲಿನಿಕ್ ನೋಡಿ ಹೋಗಿ ಕೆಟ್ಟವಳು ನಾನು.

ನಮ್ಮೂರು ಅರಸೀಕೆರೆ ಹತ್ತಿರ. ಎರಡೂ ಬಾಣಂತನ ಅಮ್ಮನ ಮನೆಯಲ್ಲೇ ಆಯಿತು. ಮೊದಲ ಸಲ ಹೊಟ್ಟೆಗೆ ಬಟ್ಟೆ ಕಟ್ಟಿದರು, ಅಂಟಿನುಂಡೆ ತಿನ್ನಿಸಿದರು, ನಾಲ್ಕೈದು ತಿಂಗಳಿಗೆ ಹಳೆ ಬ್ಲೌಸು ಹಿಡಿಯಿತು. ಎರಡನೇದು ಸಿಸೇರಿಯನ್. ಮಗುವಿಗೆ ವರ್ಷ ತುಂಬಿದರೂ ಹೊಟ್ಟೆ ಮುಂದಕ್ಕೇ ಇತ್ತು. ಬೆಂಗಳೂರಿಗೆ ವಾಪಸ್ ಬಂದ ಮೇಲೆ ಬಿಎಂಟಿಸಿ ಬಸ್ಸಿನಲ್ಲಿ ಒಬ್ಬರು ಅಜ್ಜಿ ಎದ್ದು ನನಗೆ ಸೀಟು ಬಿಟ್ಟುಕೊಟ್ಟರು. ಓರಗಿತ್ತಿ ಎಲ್ಲರ ಮುಂದೆ 'ಏನು, ಮತ್ತೆ ವಿಶೇಷವಾ?' ಅಂತ ಕೇಳಿದಳು. ಇದು ಎಷ್ಟು ಚುಚ್ಚುತ್ತೆ ಅಂತ ನಿಮಗೆ ಹೇಳಬೇಕಾಗಿಲ್ಲ. ಅದಕ್ಕೇ, ಚಂದ ಕಾಣಬೇಕು ಅನ್ನುವ ಆಸೆ ತಪ್ಪು ಅಂತ ನಿಮಗೆ ಬುದ್ಧಿ ಹೇಳುವವರ ಮಾತಿಗೆ ಕಿವಿ ಕೊಡಬೇಡಿ. ಆಸೆಯಲ್ಲಿ ತಪ್ಪೇನೂ ಇಲ್ಲ.

ಇನ್‌ಸ್ಟಾಗ್ರಾಮ್‌ನಲ್ಲಿ ಜಾಹೀರಾತು ನೋಡಿ ಹೋದೆ. ಗಾಜಿನ ಬಾಗಿಲು, ಎಸಿ, ಕೂತ ತಕ್ಷಣ ಕೈಗೆ ಗ್ರೀನ್ ಟೀ. ನನ್ನ ಜೊತೆ ಒಂದು ಗಂಟೆ ಮಾತಾಡಿದ್ದು ಕೌನ್ಸೆಲರ್ ಅನ್ನುವ ಹುಡುಗಿ. ಟ್ಯಾಬ್‌ನಲ್ಲಿ 'ಮೊದಲು, ಆಮೇಲೆ' ಫೋಟೋ ತೋರಿಸಿದಳು, ಇಎಂಐ ಲೆಕ್ಕ ಹಾಕಿದಳು. ಇವತ್ತೇ ಅಡ್ವಾನ್ಸ್ ಕಟ್ಟಿದರೆ ಡಿಸ್ಕೌಂಟ್ ಅಂದಳು. ಕೊನೆಯಲ್ಲಿ ಡಾಕ್ಟರ್ ಬಂದರು, ಕುರ್ತಾ ಮೇಲಿಂದಲೇ ಹೊಟ್ಟೆ ಹಿಡಿದು ನೋಡಿ 'ಆಗುತ್ತೆ, ಒಂದೇ ದಿನ, ಸಂಜೆ ಮನೆಗೆ ಹೋಗಬಹುದು' ಅಂದು ಹೊರಟರು. ಬಳೆ ಅಡವಿಟ್ಟು ದುಡ್ಡು ಹೊಂದಿಸಿದೆ.

ನಾನು ಎಡವಿದ್ದು ಎಲ್ಲಿ ಅಂತ ಬಿಡಿಸಿ ಹೇಳುತ್ತೇನೆ, ಸ್ವಲ್ಪ ಉದ್ದ ಆದರೂ ಓದಿ. ನನ್ನ ಹೊಟ್ಟೆ ಕೊಯ್ಯುವವರು ಯಾರು, ಅವರು ಏನು ಓದಿದ್ದಾರೆ ಅಂತ ನಾನು ಕೇಳಲೇ ಇಲ್ಲ.

ಬೇರೆ ಎಲ್ಲಾ ಕೇಳಿದ್ದೆ. ಕಲೆ ಉಳಿಯುತ್ತಾ ಅಂತ ಕೇಳಿದೆ. ಎಷ್ಟು ದಿನ ರಜೆ ಬೇಕು, ಮದುವೆಗೆ ಸೀರೆ ಉಡಬಹುದಾ, ಬಿಲ್ ಮೇಲೆ ಜಿಎಸ್‌ಟಿ ಎಷ್ಟು ಅಂತ ಕೇಳಿದೆ. (18% ಬೀಳುತ್ತೆ. ಅಪಘಾತ, ಸುಟ್ಟ ಗಾಯ, ಹುಟ್ಟಿನಿಂದ ಬಂದ ಊನ ಇವಕ್ಕಾದರೆ ಇಲ್ಲ, ಸೌಂದರ್ಯಕ್ಕೆ ಅಂದರೆ ಉಂಟು.) ಗೂಗಲ್‌ನಲ್ಲಿ ಸ್ಟಾರ್ ನೋಡಿದ್ದೆ. ಆಮೇಲೆ ಕೂತು ಓದಿದಾಗ ಗೊತ್ತಾಯಿತು, ಅದರಲ್ಲಿ ಮುಕ್ಕಾಲು ಪಾಲು ಮುಖದ ಲೇಸರ್ ಮಾಡಿಸಿಕೊಂಡವರದು. ಬೋರ್ಡಿನ ಮೇಲೆ 'ಕಾಸ್ಮೆಟಿಕ್ ಸರ್ಜನ್' ಅಂತ ಇತ್ತು. ಹಾಗೆ ಬರೆದಿದೆ ಅಂದರೆ ಅದನ್ನೇ ಓದಿರುತ್ತಾರೆ ಅಂದುಕೊಂಡೆ. ಆ ಎರಡು ಪದ ಡಿಗ್ರಿಯಲ್ಲ. ನೋಡಬೇಕಾದ ಡಿಗ್ರಿ ಬೇರೆ: ಎಂಬಿಬಿಎಸ್, ಅದಾದ ಮೇಲೆ ಜನರಲ್ ಸರ್ಜರಿಯಲ್ಲಿ ಎಂಎಸ್, ಅದರ ಮೇಲೆ ಮೂರು ವರ್ಷದ ಎಂಸಿಎಚ್ ಪ್ಲಾಸ್ಟಿಕ್ ಸರ್ಜರಿ. ಇಲ್ಲವೇ ಪ್ಲಾಸ್ಟಿಕ್ ಸರ್ಜರಿಯಲ್ಲಿ ಡಿಎನ್‌ಬಿ (ಈಗ ಅದಕ್ಕೆ ಡಿಆರ್‌ಎನ್‌ಬಿ ಅಂತಾರೆ). ನಾಲ್ಕು ವಾರದ ಸರ್ಟಿಫಿಕೇಟ್ ಕೋರ್ಸು, ವಿದೇಶದ ಫೆಲೋಶಿಪ್ಪು, ಗೋಡೆ ತುಂಬಾ ಫ್ರೇಮು, ಇವೆಲ್ಲ ಆ ಓದಿನ ಮೇಲೆ ಇದ್ದರೆ ಒಳ್ಳೇದೇ. ಅದರ ಬದಲಿಗೆ ಇದ್ದರೆ ಎದ್ದು ಬನ್ನಿ.

ಇನ್ನೊಂದು. ನನ್ನನ್ನು ನೋಡಿದ ಡಾಕ್ಟರೇ ಆಪರೇಷನ್ ಮಾಡುತ್ತಾರೆ ಅಂದುಕೊಂಡಿದ್ದೆ. ಆಪರೇಷನ್ ದಿನ ಗೌನ್ ಹಾಕಿಸಿ, ಕೈಗೆ ಡ್ರಿಪ್ ಚುಚ್ಚಿದ ಮೇಲೆ ಒಪ್ಪಿಗೆ ಪತ್ರ ತಂದುಕೊಟ್ಟರು. ಅದರಲ್ಲಿ 'ಡಾ.' ಅಂತ ಅಚ್ಚಾಗಿತ್ತು, ಮುಂದೆ ಖಾಲಿ ಗೆರೆ. ಗೆರೆ ಖಾಲಿ ಇದೆ ಅಂತ ಕಣ್ಣಿಗೆ ಬಿತ್ತು. ಕೇಳಿದರೆ ಏನಂದುಕೊಳ್ಳುತ್ತಾರೋ ಅಂತ ಸಂಕೋಚ. ಸಹಿ ಹಾಕಿದೆ. ಆಪರೇಷನ್ ಕೋಣೆ ಒಳಗೆ ಇದ್ದ ಡಾಕ್ಟರನ್ನು ನಾನು ಅದಕ್ಕೆ ಮುಂಚೆ ನೋಡಿಯೇ ಇರಲಿಲ್ಲ.

ಮನೆಗೆ ಬಂದ ಮೇಲೆ ಗಾಯದಿಂದ ಕೆಂಪು ನೀರು ಸೋರಿತು. ಒಂದೆರಡು ದಿನ ಹಾಗೆ ಸೋರುವುದು ಸಹಜ, ಕೊಬ್ಬು ಎಳೆಯುವ ಮುಂಚೆ ಔಷಧ ಬೆರೆಸಿದ ನೀರು ತುಂಬಿಸಿರುತ್ತಾರೆ. ಸಹಜ ಅಲ್ಲದ್ದು ಆಮೇಲೆ ಬಂತು. ಎಡಗಡೆ ಊತ, ಮುಟ್ಟಿದರೆ ಬಿಸಿ, ಚಳಿ ಜ್ವರ. ಫೋನ್ ಮಾಡಿದರೆ 'ನಾರ್ಮಲ್ ಮೇಡಂ, ಬೆಲ್ಟ್ ಟೈಟಾಗಿ ಹಾಕ್ಕೊಳ್ಳಿ'. ಯಜಮಾನರು ಕೊನೆಗೆ ಹತ್ತಿರದ ಆಸ್ಪತ್ರೆಗೆ ಕರೆದುಕೊಂಡು ಹೋದರು. ಚರ್ಮದ ಕೆಳಗೆ ನೀರು ನಿಂತು ಕೀವಾಗಿತ್ತು. ಕೊಯ್ದು ತೆಗೆದರು, ಅಡ್ಮಿಟ್ ಮಾಡಿಕೊಂಡರು. ಇನ್ಶೂರೆನ್ಸ್‌ನವರು ಮೂಲ ಆಪರೇಷನ್ ಸೌಂದರ್ಯಕ್ಕೆ ಮಾಡಿಸಿದ್ದು ಅಂತ ಒಂದು ರೂಪಾಯಿ ಕೊಡಲಿಲ್ಲ. ಗಾಯ ಮಾಗಿತು. ಹೊಟ್ಟೆ ಮಾತ್ರ, ಹಳೆ ಹಾಸಿಗೆಯಲ್ಲಿ ಹತ್ತಿ ಗಂಟು ಕಟ್ಟಿರುತ್ತಲ್ಲ, ಹಾಗೆ ಏರುತಗ್ಗಾಗಿ ಉಳಿಯಿತು. ಮದುವೆಯಲ್ಲಿ ಸೆರಗು ಹೊದ್ದುಕೊಂಡು ಮೂಲೆಯಲ್ಲಿ ಕೂತಿದ್ದೆ.

ನಾನಾದರೂ ಜೀವಂತ ಇದ್ದೀನಿ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಆಪರೇಷನ್ ಆದ ಮೇಲೆ ಒಬ್ಬ ಕಿರುತೆರೆ ನಟಿ ತೀರಿಕೊಂಡರು, ನೆನಪಿರಬಹುದು. 21 ವರ್ಷ. ಆ ಮಗುವಿನ ಫೋಟೋ ಟಿವಿಯಲ್ಲಿ ಬಂದಾಗ ನಾನು ಅಡುಗೆಮನೆಯಲ್ಲಿ ನಿಂತು ಅತ್ತಿದ್ದೆ.

ಆಪರೇಷನ್ ದಾಖಲೆ ಎಲ್ಲಾ ಬೇಕು ಅಂತ ಆ ಕ್ಲಿನಿಕ್‌ಗೆ ಬರೆದು ಕೊಟ್ಟೆ. ಮೊದಲು ಸತಾಯಿಸಿದರು. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಅಂತ ವೈದ್ಯರ ನಡವಳಿಕೆಯ 2002ರ ನಿಯಮದಲ್ಲೇ ಇದೆ. ಅದನ್ನು ಪತ್ರದಲ್ಲಿ ಬರೆದ ಮೇಲೆ ಕೊಟ್ಟರು. ಅದರಲ್ಲಿದ್ದ ಹೆಸರನ್ನು ನ್ಯಾಷನಲ್ ಮೆಡಿಕಲ್ ಕಮಿಷನ್ ವೆಬ್‌ಸೈಟಿನ ವೈದ್ಯರ ಪಟ್ಟಿಯಲ್ಲಿ ಹುಡುಕಿದೆ. ಎಂಬಿಬಿಎಸ್ ಒಂದೇ ಇತ್ತು. ಹುಡುಕೋಕೆ ಹಿಡಿದದ್ದು ಎರಡು ನಿಮಿಷ. ಆ ಎರಡು ನಿಮಿಷವನ್ನು ಮೊದಲೇ ಕೊಟ್ಟಿದ್ದರೆ ಅನ್ನುವುದು ಇವತ್ತಿಗೂ ನನ್ನನ್ನು ಸುಡುತ್ತೆ.

ಆಮೇಲೆ ಒಂದು ಮೆಡಿಕಲ್ ಕಾಲೇಜಿನ ಆಸ್ಪತ್ರೆಯ ಪ್ಲಾಸ್ಟಿಕ್ ಸರ್ಜರಿ ವಿಭಾಗಕ್ಕೆ ಹೋದೆ. ಗ್ರೀನ್ ಟೀ ಇಲ್ಲ, ಚೀಟಿ ಹಿಡಿದು ಬೆಂಚಿನ ಮೇಲೆ ಕಾಯಬೇಕು. ಡಾಕ್ಟರ್ ನನ್ನನ್ನು ಅಂಗಾತ ಮಲಗಿಸಿ, ಮಂಡಿ ಮಡಚಿಸಿ, ತಲೆ ಮಾತ್ರ ಮೇಲೆತ್ತಮ್ಮ ಅಂದರು. ಹೊಕ್ಕುಳದ ಮೇಲೆ ನಟ್ಟನಡುವೆ ಬೆರಳಿಟ್ಟರು. ಮೂರು ಬೆರಳು ಒಳಗೆ ಇಳಿಯಿತು. ನನ್ನ ಬೆರಳನ್ನೂ ಅಲ್ಲೇ ಇಡಿಸಿದರು. ಎರಡೂ ಪಕ್ಕ ಗಟ್ಟಿ ಅಂಚು, ನಡುವೆ ಮೆತ್ತಗೆ. ಬಸಿರಿನಲ್ಲಿ ಹೊಟ್ಟೆಯ ಸ್ನಾಯು ಎಡಕ್ಕೂ ಬಲಕ್ಕೂ ಸರಿದು ಮತ್ತೆ ಕೂಡಿಕೊಂಡಿರಲಿಲ್ಲ. ಇದಕ್ಕೆ ಡಯಾಸ್ಟಾಸಿಸ್ ಅಂತಾರೆ. 'ನಿನಗೆ ಕೊಬ್ಬು ಅಷ್ಟೊಂದು ಇರಲಿಲ್ಲಮ್ಮ. ಎಷ್ಟು ಎಳೆದರೂ ಈ ಹೊಟ್ಟೆ ಒಳಗೆ ಹೋಗುತ್ತಿರಲಿಲ್ಲ' ಅಂದರು. ಅಂದರೆ ನನಗೆ ಬೇಕಿಲ್ಲದ ಆಪರೇಷನ್ ಮಾಡಿದ್ದರು. ಕುರ್ತಾ ಸರಿಸಿ ಒಂದು ನಿಮಿಷ ನೋಡಿದ್ದರೆ ಸಾಕಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲ ಅಂತ ನನ್ನ ಅಭಿಪ್ರಾಯ, ಬೇಜಾರು ಮಾಡಿಕೊಳ್ಳಬೇಡಿ. ಲೈಪೊಸಕ್ಷನ್ ತೂಕ ಇಳಿಸುವ ದಾರಿಯಲ್ಲ. ಚರ್ಮದ ಕೆಳಗಿನ ಕೊಬ್ಬನ್ನು ಮಾತ್ರ ಅದು ತೆಗೆಯುತ್ತೆ. ಕರುಳಿನ ಸುತ್ತ, ಯಕೃತ್ತಿನಲ್ಲಿ ಕೂತ ಕೊಬ್ಬು ಅಲ್ಲೇ ಇರುತ್ತೆ, ಸಕ್ಕರೆ ಕಾಯಿಲೆಗೆ ಹೆಚ್ಚು ದಾರಿ ಮಾಡುವುದು ಅದೇ. 2004ರಲ್ಲಿ ಅಮೆರಿಕದಲ್ಲಿ ಬೊಜ್ಜಿದ್ದ 15 ಹೆಂಗಸರ ಹೊಟ್ಟೆಯಿಂದ ಕೆಜಿಗಟ್ಟಲೆ ಕೊಬ್ಬು ತೆಗೆದು ಕೆಲವು ವಾರ ಬಿಟ್ಟು ಪರೀಕ್ಷೆ ಮಾಡಿದ್ದರು. ಬಿಪಿ, ಕೊಲೆಸ್ಟ್ರಾಲ್, ಇನ್ಸುಲಿನ್ ಕೆಲಸ ಮಾಡುವ ರೀತಿ, ಯಾವುದೂ ಸುಧಾರಿಸಿರಲಿಲ್ಲ. ಒಂದೇ ಸಲಕ್ಕೆ 5 ಲೀಟರ್ ದಾಟಿದರೆ ಅದನ್ನು ದೊಡ್ಡ ಪ್ರಮಾಣ ಅಂತ ಲೆಕ್ಕ ಹಾಕಿ ಆಸ್ಪತ್ರೆಯಲ್ಲಿ ಉಳಿಸಿಕೊಂಡು ನೋಡುತ್ತಾರೆ. 12 ಕೆಜಿ ಇಳಿಸಿಕೊಡುತ್ತೇವೆ ಅಂತ ನಿಮಗೆ ಯಾರಾದರೂ ಹೇಳಿದ್ದರೆ ಅವರ ಹತ್ತಿರ ಮತ್ತೆ ಹೋಗಬೇಡಿ.

ನನ್ನ ಡಾಕ್ಟರ್ ಆ ದಿನವೇ ಆಪರೇಷನ್‌ಗೆ ಒಪ್ಪಲಿಲ್ಲ. ಗಾಯ ಮೆತ್ತಗಾಗಲಿ, ಆರು ತಿಂಗಳಾದರೂ ತೂಕ ಒಂದೇ ಕಡೆ ನಿಲ್ಲಲಿ ಅಂತ ಕಳಿಸಿದರು. ಆಪರೇಷನ್ ಬೇಡ ಅಥವಾ ಈಗ ಬೇಡ ಅನ್ನುವ ಸರ್ಜನ್ ಸಿಕ್ಕರೆ ಬಿಡಬೇಡಿ. ರಕ್ತ ಪರೀಕ್ಷೆಯಲ್ಲಿ ಹಿಮೋಗ್ಲೋಬಿನ್ 9ರ ಕೆಳಗಿತ್ತು, ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 6 ದಾಟಿತ್ತು. ಅಂದರೆ ಸಕ್ಕರೆ ಕಾಯಿಲೆಯ ಬಾಗಿಲಲ್ಲಿದ್ದೆ. ಮೊದಲ ಕ್ಲಿನಿಕ್‌ನವರು ರಕ್ತ, ಸಕ್ಕರೆ ಬಗ್ಗೆ ನನಗೊಂದು ಮಾತು ಹೇಳಿರಲಿಲ್ಲ. ರಕ್ತ ಕಮ್ಮಿ ಇದ್ದವರಿಗೆ, ಸಕ್ಕರೆ ಹಿಡಿತದಲ್ಲಿ ಇಲ್ಲದವರಿಗೆ ಗಾಯ ಮಾಗುವುದೇ ಕಷ್ಟ.

ಊಟದ ವಿಷಯಕ್ಕೆ ಬರುತ್ತೇನೆ, ನನ್ನನ್ನು ನಿಜವಾಗಿ ಗೆಲ್ಲಿಸಿದ್ದು ಇದೇ. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ, ರಾತ್ರಿ ಅನ್ನ, ನಡುವೆ ಮಕ್ಕಳು ತಟ್ಟೆಯಲ್ಲಿ ಬಿಟ್ಟಿದ್ದು. ಸಂಜೆ ಬೇಕರಿ ಪಫ್. ಬೇರೆಯವರಿಗೆ ಬಡಿಸಿ ಕೊನೆಗೆ ನಿಂತುಕೊಂಡೇ ತಿನ್ನುವ ಅಭ್ಯಾಸ. ಇದನ್ನು ಬದಲಾಯಿಸಿದೆ. ಮಧ್ಯಾಹ್ನ ಮುದ್ದೆ, ಹುರುಳಿಕಾಳಿನ ಸಾರು ಅಥವಾ ಸೊಪ್ಪಿನ ಹುಳಿ, ದಿನಾ ಮೊಟ್ಟೆ, ಅನ್ನ ಒಂದು ಹೊತ್ತು. ಮೊದಲು ನನ್ನ ತಟ್ಟೆ ಹಾಕಿಕೊಂಡು ಕೂತು ತಿನ್ನುವುದು. ಅತ್ತೆ ಮುಖ ಊದಿಸಿಕೊಂಡರು, ಆಮೇಲೆ ಅವರೇ ಬಡಿಸೋಕೆ ಶುರು ಮಾಡಿದರು. ಕಬ್ಬಿಣದ ಮಾತ್ರೆಯನ್ನು ನಿಂಬೆ ಪಾನಕದ ಜೊತೆ ತೆಗೆದುಕೊಂಡೆ. ಮಾತ್ರೆ ನುಂಗಿದ ಕೂಡಲೇ ಕಾಫಿ ಕುಡಿದರೆ ಅದು ಸರಿಯಾಗಿ ಮೈಗೆ ಹತ್ತುವುದಿಲ್ಲ, ಇದನ್ನು ನನಗೆ ಅಷ್ಟು ವರ್ಷ ಯಾರೂ ಹೇಳಿರಲಿಲ್ಲ. ಫಿಸಿಯೋಥೆರಪಿಸ್ಟ್ ಉಸಿರು ಬಿಡುತ್ತಾ ಹೊಟ್ಟೆ ಒಳಗೆ ಎಳೆಯುವ ವ್ಯಾಯಾಮ ಹೇಳಿಕೊಟ್ಟರು. ಯೂಟ್ಯೂಬ್ ನೋಡಿ ಕ್ರಂಚಸ್ ಹೊಡೆಯುತ್ತಿದ್ದೆ, ಅದನ್ನು ನಿಲ್ಲಿಸಿದರು. ಸ್ನಾಯು ಬಿಟ್ಟುಕೊಂಡವರಿಗೆ ಅದು ಒತ್ತಡ ಜಾಸ್ತಿ ಮಾಡುತ್ತೆ.

ತೂಕ ಇಳಿದು ನಿಂತಿತು, ರಕ್ತ ಏರಿತು. ಸ್ನಾಯುಗಳ ನಡುವಿನ ಬಿರುಕು ಸ್ವಲ್ಪ ಕೂಡಿತು, ಪೂರ್ತಿ ಅಲ್ಲ. ಆಮೇಲೆ ಅದೇ ಡಾಕ್ಟರ್ ಸ್ನಾಯು ಹೊಲಿದು, ಹೆಚ್ಚಾದ ಚರ್ಮ ತೆಗೆದರು. ಹಿಂದಿನ ದಿನ ಅರಿವಳಿಕೆ ವೈದ್ಯರು ಬಂದು ಕೂತು, ಅಲರ್ಜಿಯಿಂದ ಹಿಡಿದು ಅಲ್ಲಾಡುವ ಹಲ್ಲಿನ ತನಕ ವಿಚಾರಿಸಿದರು. ಒಪ್ಪಿಗೆ ಪತ್ರವನ್ನು ಮನೆಗೆ ಕೊಟ್ಟು ಓದಿಕೊಂಡು ಬನ್ನಿ ಅಂದರು, ಸರ್ಜನ್ ಹೆಸರು ತುಂಬಿತ್ತು. ಕಾಲಿಗೆ ರಕ್ತ ಹೆಪ್ಪುಗಟ್ಟದ ಹಾಗೆ ಬಿಗಿ ಕಾಲುಚೀಲ ಹಾಕಿಸಿ, ಅದೇ ಸಂಜೆ ಹಿಡಿದುಕೊಂಡು ನಡೆಸಿದರು. ಮೊದಲ ಕ್ಲಿನಿಕ್‌ನಲ್ಲಿ ಇದರಲ್ಲಿ ಒಂದೂ ಇರಲಿಲ್ಲ.

ನೀವು ಯಾರ ಹತ್ತಿರ ಹೋದರೂ ಪರವಾಗಿಲ್ಲ, ಡಾಕ್ಟರ್ ಚೀಟಿಯ ಮೇಲಿನ ರಿಜಿಸ್ಟ್ರೇಷನ್ ನಂಬರನ್ನು ಆ ಕಮಿಷನ್ ಪಟ್ಟಿಯಲ್ಲಿ ಹುಡುಕಿ ನೋಡಿ. ಎಂಬಿಬಿಎಸ್ ಆದ ಮೇಲಿನ ಓದು ಅಲ್ಲಿ ಕಾಣದಿದ್ದರೆ ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ಅದನ್ನು ಸೇರಿಸಿದ ದಾಖಲೆ ತೋರಿಸಿ ಅಂತ ನೇರವಾಗಿ ಕೇಳಿ. ಓದಿದವರು ಬೇಜಾರಾಗುವುದಿಲ್ಲ. ಕ್ಲಿನಿಕ್‌ನ ಕೆಪಿಎಂಇ (ಕರ್ನಾಟಕದ ಖಾಸಗಿ ಆಸ್ಪತ್ರೆಗಳ ಕಾಯ್ದೆ) ನೋಂದಣಿ ಪತ್ರ ಕಾಣುವ ಹಾಗೆ ಹಾಕಿರಬೇಕು, ಅದು ಯಾವ ಬಗೆಯ ಚಿಕಿತ್ಸೆಗೆ ಅಂತ ಓದಿ. ಅರಿವಳಿಕೆ ವೈದ್ಯರು ಮುಗಿಯುವ ತನಕ ಅಲ್ಲೇ ಇರುತ್ತಾರಾ, ರಾತ್ರಿ ಹೆಚ್ಚುಕಮ್ಮಿ ಆದರೆ ಐಸಿಯು ಎಲ್ಲಿದೆ ಅಂತ ಕೇಳಿ. ಕೌನ್ಸೆಲರ್ ಕೊಟ್ಟ ಉತ್ತರವನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ಸರ್ಜನ್ ಬಾಯಿಂದಲೇ ಬರಲಿ.

ಮಗು ಇನ್ನೂ ಎದೆಹಾಲು ಕುಡಿಯುತ್ತಿದೆ ಅಂತಲೂ ಬರೆದಿದ್ದೀರಿ. ಹಾಗಿದ್ದರೆ ಮೈದುನನ ಮದುವೆಗೆ ಆಪರೇಷನ್ ಯೋಚನೆ ಬಿಟ್ಟುಬಿಡಿ. ಹಾಲು ಬಿಡಿಸಿ ಮೈ ಒಂದು ಹದಕ್ಕೆ ಬರಲಿ. ಮೂರನೇ ಮಗುವಿನ ಆಸೆ ಇದ್ದರೆ ಅದೂ ಆಗಲಿ, ಮತ್ತೆ ಬಸಿರಾದರೆ ಹೊಲಿದ ಸ್ನಾಯು ಪುನಃ ಸಡಿಲವಾಗಬಹುದು. ಈ ವಾರ ಮಾಡಬೇಕಾದ್ದು ಒಂದು ರಕ್ತ ಪರೀಕ್ಷೆ, ಒಬ್ಬರು ಫಿಸಿಯೋಥೆರಪಿಸ್ಟ್ ಹತ್ತಿರ ಹೊಟ್ಟೆ ತೋರಿಸುವುದು. ಮದುವೆಗೆ ಬ್ಲೌಸು ಈಗಿನ ಅಳತೆಗೇ ಹೊಲಿಸಿ.

ಯಾವುದಾದರೂ ಕ್ಲಿನಿಕ್‌ಗೆ ಈಗಾಗಲೇ ಅಡ್ವಾನ್ಸ್ ಕಟ್ಟಿದ್ದರೆ ವಾಪಸ್ ಕೊಡಿ ಅಂತ ಇಮೇಲ್‌ನಲ್ಲಿ ಕೇಳಿ, ಫೋನ್ ಮಾತು ದಾಖಲೆ ಆಗುವುದಿಲ್ಲ. ಕೊಡದಿದ್ದರೆ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಎರಡು ವರ್ಷದೊಳಗೆ ದೂರು ಕೊಡಬಹುದು. ಅಲ್ಲಿಯ ತನಕ ಅಲೆಯೋಕೆ ಆಗಲ್ಲ ಅನ್ನಿಸಿದರೆ ಆ ದುಡ್ಡು ಹೋಗಲಿ, ಆ ಕ್ಲಿನಿಕ್‌ನಲ್ಲಿ ಮಾತ್ರ ಆಪರೇಷನ್‌ಗೆ ಮಲಗಬೇಡಿ.