ಹೊಂಗೆ, ಮುರುಗಲು (ಕೋಕಂ) ಇಂಥ ಕಾಡುಬೀಜಗಳ ಎಣ್ಣೆಗೆ ಬಯೋಡೀಸೆಲ್ ಬಿಟ್ಟು ಬೇರೆ ದಾರಿ ಇದೆಯೇ?

ಖಂಡಿತ ಇದೆ. ಎಣ್ಣೆ ಆಗಿರೋದೇ ಕೊಬ್ಬಿನಾಮ್ಲಗಳಿಂದ; ಅದರಲ್ಲಿ ಯಾವ ಕೊಬ್ಬಿನಾಮ್ಲ ಜಾಸ್ತಿ ಅಂತ ಮೊದಲು ನೋಡಿ. ಅದು ಯಾವ ಕೆಲಸಕ್ಕೆ ಬರುತ್ತದೆ ಅನ್ನೋದು ಮುಕ್ಕಾಲು ಪಾಲು ಅಲ್ಲೇ ಗೊತ್ತಾಗುತ್ತದೆ.

ಹೊಂಗೆ ಎಣ್ಣೆಯಲ್ಲಿ ಹೆಚ್ಚುಕಡಿಮೆ ಅರ್ಧ ಓಲಿಯಿಕ್ ಆಮ್ಲ, ಅಂದರೆ ಸುಲಭಕ್ಕೆ ಗಟ್ಟಿಯಾಗದೆ ದ್ರವವಾಗೇ ಇರುವ ಕೊಬ್ಬಿನಾಮ್ಲ. ಹಾಗಾಗಿ ಡೀಸೆಲ್‌ಗೆ ಒಗ್ಗುತ್ತದೆ. ಆದರೆ ಬೀಜ ತೇವದಲ್ಲಿ ಬಿದ್ದಿದ್ದರೆ ಎಣ್ಣೆಯಲ್ಲಿ ಬಿಡಿ ಆಮ್ಲ (ಎಣ್ಣೆಯಿಂದ ಕಳಚಿಕೊಂಡ ಕೊಬ್ಬಿನಾಮ್ಲ) ಏರುತ್ತದೆ. ಬಯೋಡೀಸೆಲ್ ಮಾಡೋಕೆ ಅಂಥ ಎಣ್ಣೆಗೆ ನೇರವಾಗಿ ಕ್ಷಾರ ಹಾಕಿದರೆ ಅದರಲ್ಲಿ ಒಂದು ಪಾಲು ಸೋಪಾಗಿ ಹೋಗುತ್ತದೆ. ಅದಕ್ಕೇ ಮೊದಲು ಸಲ್ಫ್ಯೂರಿಕ್ ಆಮ್ಲ, ಮೆಥನಾಲ್ ಹಾಕಿ ಒಂದು ಸುತ್ತು ಕಾಯಿಸಬೇಕು. ಖರ್ಚು ಏರೋದು ಇಲ್ಲೇ. ಸೋಪಿಗೆ, ಚರ್ಮ ಹದ ಮಾಡೋದಕ್ಕೆ ಹೊಂಗೆ ಎಣ್ಣೆ ಮೊದಲಿಂದಲೂ ಹೋಗುತ್ತಿದೆ. ಅದರಲ್ಲಿರುವ ಕರಂಜಿನ್ ಎಂಬ ರಾಸಾಯನಿಕದಿಂದಾಗಿ ಕೀಟನಾಶಕಕ್ಕೂ ಬಳಸುತ್ತಾರೆ.

ನನಗೆ ನಿಜವಾಗಿ ಭರವಸೆ ಇರುವುದು ಮುರುಗಲಿನ ಮೇಲೆ. ಜನ ಸಿಪ್ಪೆ ಒಣಗಿಸಿ ಇಟ್ಟುಕೊಳ್ಳುತ್ತಾರೆ, ಬೀಜ ಎಷ್ಟೋ ಕಡೆ ಸುಮ್ನೆ ತಿಪ್ಪೆ ಸೇರುತ್ತದೆ. ಆ ಬೀಜದ ತೂಕದಲ್ಲಿ ಸುಮಾರು ಕಾಲುಭಾಗ ಕೊಬ್ಬು! ಮಲೆನಾಡು, ಕರಾವಳಿಯ ಮನೆಗಳಲ್ಲಿ ಬೀಜ ಒಣಗಿಸಿ, ಕುಟ್ಟಿ, ನೀರಲ್ಲಿ ಕುದಿಸುತ್ತಾರೆ. ಮೇಲೆ ತೇಲಿದ್ದನ್ನು ಸೌಟಲ್ಲಿ ತೆಗೆದಿಟ್ಟರೆ ಆರಿದ ಮೇಲೆ ಬಿಳಿ ಗಟ್ಟಿಯಾಗುತ್ತದೆ. ಒಡೆದ ಹಿಮ್ಮಡಿಗೆ ಹಚ್ಚುವ ಮುರುಗಲು ತುಪ್ಪ ಅದೇ.

ಅದರಲ್ಲಿ ಗಟ್ಟಿಯಾಗಿ ನಿಲ್ಲುವ ಕೊಬ್ಬಿನಾಮ್ಲವಾದ ಸ್ಟಿಯರಿಕ್ ಆಮ್ಲ ಶೇ. 55ರಿಂದ 60, ಉಳಿದದ್ದು ಬಹುಪಾಲು ಓಲಿಯಿಕ್. ಕರಗುವುದು ಸುಮಾರು 40 ಡಿಗ್ರಿಗೆ. ಕ್ರೀಮು, ಲಿಪ್‌ಬಾಮ್ ಮಾಡುವವರು ಹುಡುಕೋದು ಇಂಥ ಕೊಬ್ಬನ್ನೇ. ಕೋಕೋ ಬೆಣ್ಣೆಗೆ ಸ್ವಲ್ಪ ಬೆರೆಸಿದರೆ ಚಾಕೊಲೇಟ್ ಸೆಕೆಗೂ ಬೇಗ ಮೆತ್ತಗಾಗುವುದಿಲ್ಲ. ಕೋಕೋ ಬೆಣ್ಣೆಯ ಜೊತೆಗೆ ಶೇ. 5ರವರೆಗೆ ಬಳಸಬಹುದಾದ ಆರು ಕೊಬ್ಬುಗಳನ್ನು ಯುರೋಪಿಯನ್ ಒಕ್ಕೂಟ 2000ರ ನಿಯಮದಲ್ಲಿ ಪಟ್ಟಿ ಮಾಡಿದೆ. ಅದರಲ್ಲಿ ನಮ್ಮ ಮುರುಗಲೂ ಇದೆ. ಇಂಥದ್ದನ್ನು ಇಂಜಿನ್‌ನಲ್ಲಿ ಸುಡೋದು ಅನ್ಯಾಯ ಅಲ್ವಾ?

ತೊಡಕು ಇರೋದು ಮಳೆಯಲ್ಲಿ. ಹಣ್ಣು ಬೇಸಿಗೆ ಕೊನೆಗೆ ಬರುತ್ತದೆ, ಹಿಂದೆಯೇ ಮಳೆ ಹಿಡಿಯುತ್ತದೆ. ಬೀಜ ಒಣಗದಿದ್ದರೆ ಬೂಸಲು ಬಂದು ಕೊಬ್ಬು ಕೆಡುತ್ತದೆ, ಬೆಲೆಯೂ ಬಿದ್ದುಹೋಗುತ್ತದೆ. ನೀವು ಘಟಕ ಹಾಕುವ ಯೋಚನೆಯಲ್ಲಿದ್ದರೆ ಗಾಣಕ್ಕಿಂತ ಮೊದಲು ಡ್ರೈಯರ್‌ಗೆ ದುಡ್ಡು ಹಾಕಿ. ಹಾಗೇ ಪ್ರತಿ ಲಾಟಿನ ಆಸಿಡ್ ವ್ಯಾಲ್ಯೂ (ಬಿಡಿ ಆಮ್ಲ ಎಷ್ಟಿದೆ ಅನ್ನೋ ಅಳತೆ) ಪರೀಕ್ಷೆ ಮಾಡಿಸಿ, ಕೊಳ್ಳುವವರು ಮೊದಲು ಕೇಳೋದು ಅದನ್ನೇ.